ಬಹಮನ್ ತಿಂಗಳು

ಮಳಖೇಡದ ನಿವೃತ್ತ ಪಟವಾರಿ ಗುರುನಾಥರಾಯರ ಮೆದುಳಿನಲ್ಲಿ ನೆನಪಿನ ಭಾಗ ಕುಗ್ಗಿದೆಯೆಂದು ಸ್ಕ್ಯಾನಿನಲ್ಲಿ ಕಂಡು ಆರು ತಿಂಗಳಾಗಿತ್ತು. ಆಗ ಅವರಿಗೆ ಒಂದು ತಿಂಗಳ ಹೆಸರೂ ಹೇಳಲು ಬಂದಿರಲಿಲ್ಲ. ಮಾತ್ರೆ ಬರೆದುಕೊಟ್ಟು, ನಾಟದಿದ್ದರೆ ನಿಲ್ಲಿಸೋಣ ಎಂದಿದ್ದ ಗುಲ್ಬರ್ಗಾದ ಡಾಕ್ಟರು 2003ರ ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂಡಿಸಿದರು. ರಾಯರು ಈಚೆಗೆ ಹೆಂಡತಿ ಗೋದಾಬಾಯಿಯನ್ನು ಮತ್ತೆ ಹೆಸರು ಹಿಡಿದು ಕರೆಯುತ್ತಿದ್ದರು. ಮಾತ್ರೆ ನಿಂತರೆ ಅದೂ ನಿಲ್ಲುತ್ತದೆಂದು ಆಕೆಗೆ ಅಳುಕು.

“ರಾಯರೇ, ಇದು ಯಾವ ತಿಂಗಳು?”

“ಬಹಮನ್.”

ಮೈಸೂರು ಕಡೆಯಿಂದ ಬಂದಿದ್ದ ಆ ಎಳೆಯ ಡಾಕ್ಟರು ಸೊನ್ನೆ ಬರೆದರು.

“ಏ, ನಿಂದರ್ರಿ!” ಎಂದರು ಗೋದಾಬಾಯಿ. “ಅದು ಫಸಲಿ ತಿಂಗಳ್ರಿ. ನಿಜಾಮರ ಕಾಲದಾಗ ಕಂದಾಯದ ದಫ್ತರ ಬರ್ದವ್ರು ಇವರು. ನಿಮ್ಮ ಡಿಸೆಂಬರೇ ಅದು.”

ಡಾಕ್ಟರಿಗೆ ನಂಬಿಕೆ ಬರಲಿಲ್ಲ. “ಮುಂದಿನ ತಿಂಗಳು ಯಾವುದು?”

“ಇಸ್ಫಂದಾರ್. ಇಷ್ಟು ಓದೀರಿ, ಅಷ್ಟೂ ಗೊತ್ತಿಲ್ಲೇನ್ರಿ?” ಎಂದರು ರಾಯರು.

ಗೋದಾಬಾಯಿ ಹೌದೆಂದು ತಲೆಯಾಡಿಸಿದಾಗ ಡಾಕ್ಟರು ನಕ್ಕು ಸೊನ್ನೆಯನ್ನು ಹೊಡೆದುಹಾಕಿದರು. “ಕುಗ್ಗಿದ್ದು ತುಂಬೋದಿಲ್ಲ ಅಮ್ಮಾ. ಆದರೆ ಮಾತ್ರೆ ಹಿಡಿದಿದೆ, ಮುಂದುವರಿಸೋಣ.”

“ಹಿಡದದಲ್ಲಾ, ಅಷ್ಟ ಸಾಕ್ರಿ,” ಎಂದು ಗೋದಾಬಾಯಿ ಚೀಟಿ ಮಡಚಿಕೊಂಡು ಗಂಡನನ್ನು ಊರ ಮೇಲೆ ಹಾದುಹೋಗುವ ಸೇಡಂ ಬಸ್ಸಿಗೆ ಎಬ್ಬಿಸಿದರು.