ಮೀಟರ್ ತೆಗೆಸಿದ ಮೇಲೆ

ಮೊನ್ನೆ ಇಂದಿರಾನಗರದ ಒಂದು ಹೋಟೆಲಿನಲ್ಲಿ ಕೈ ತೊಳೆಯಲು ಎದ್ದಾಗ ಗೋಡೆಯ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು: 'ಅನ್‌ಲಿಮಿಟೆಡ್ ಊಟ. ಇಬ್ಬರು ಹಂಚಿಕೊಂಡು ತಿನ್ನುವಂತಿಲ್ಲ.' ನಾನಾಗಲೇ ಎರಡು ಪೂರಿ, ಒಂದು ಹಿಡಿ ಅನ್ನಕ್ಕೆ ಸುಸ್ತಾಗಿದ್ದೆ. ಪಕ್ಕದ ಮೇಜಿನ ಹಿರಿಯರೊಬ್ಬರು ಬೆಲ್ಟು ಸಡಿಲಿಸಿಕೊಂಡು ನಾಲ್ಕನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಮುಖದಲ್ಲಿ ಹಸಿವಿನ ಸುಳಿವೇ ಇಲ್ಲ. ಡ್ಯೂಟಿ ಮುಗಿಸುವವರ ಗಾಂಭೀರ್ಯ. ನಮ್ಮ ಮಾವನವರ ನೆನಪಾಗಿ ನಗು ಬಂತು. ನೀವು ನನ್ನನ್ನು ಬೈಯಬೇಡಿ, ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ.

ಮಾವ ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಟೆಲಿಫೋನ್ ಜೋಡಿಸಿ ನಿವೃತ್ತರಾದವರು. ಯಾರ್ಯಾರ ಮನೆಯ ಮಾತೆಲ್ಲ ತಮ್ಮ ಕೈಯಿಂದ ಹಾದುಹೋಗಿದೆಯೋ ಎಂದು ಹೆಮ್ಮೆಪಡುತ್ತಿದ್ದರು. ತಾವು ಮಾತ್ರ ಫೋನಿನಲ್ಲಿ ಟೆಲಿಗ್ರಾಂ ಕಳಿಸುವವರಂತೆ ಮಾತಾಡುತ್ತಿದ್ದರು. "ಹ್ಞಾಂ. ಸರಿ. ಇಡ್ತೀನಿ." ಇಷ್ಟೇ. ಒಮ್ಮೆ ಬೀಗರು ಹಬ್ಬಕ್ಕೆ ಕರೆಯಲು ಫೋನ್ ಮಾಡಿದಾಗ, ಅವರು ಯಾವ ಹಬ್ಬ ಅನ್ನುವ ಹೊತ್ತಿಗೆ ಇವರು ಇಟ್ಟುಬಿಟ್ಟಿದ್ದರು. ಬೀಗರೆಂದರೆ ನನ್ನ ತವರಿನವರು, ಹಾಗಾಗಿ ಅದನ್ನು ನಾನಿನ್ನೂ ಮರೆತಿಲ್ಲ.

ರಾಮಮೂರ್ತಿ ನಗರದ ನಮ್ಮ ಮನೆಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿತ್ತು. ಮೋಡೆಮ್ಮು ಗಂಟಲಿಗೆ ಮುಳ್ಳು ಸಿಕ್ಕಿಕೊಂಡಂತೆ ಕಿರುಚಿ ಕಿರುಚಿ ಕೊನೆಗೊಮ್ಮೆ ಸೇರಿಕೊಳ್ಳುವುದು. ಸೇರಿದ ಕ್ಷಣದಿಂದ ನಿಮಿಷ ನಿಮಿಷಕ್ಕೂ ಬಿಲ್ಲು. ಮಾವ ಕುರ್ಚಿಯ ಹಿಂದೆ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ಅವರದೊಂದು ಶಾಸ್ತ್ರವಿತ್ತು: ಈಮೇಲಿನ ಕಾಗದವನ್ನು ಮೊದಲು ಹಾಳೆಯ ಮೇಲೆ ಬರೆಯಬೇಕು, ನೋಡಿಕೊಂಡು ಟೈಪ್ ಮಾಡಬೇಕು, ಆಮೇಲೆ ಲೈನು ಹಚ್ಚಿ ಕಳಿಸಬೇಕು, ಬಂದದ್ದನ್ನು ಇಳಿಸಿಕೊಂಡು ಲೈನು ಕಡಿಯಬೇಕು. ಓದುವುದೆಲ್ಲ ಆಮೇಲೆ.

"ಓದ್ಕೊಂಡ್ ಕೂತ್ಯಾ ತಾಯಿ? ಅಕ್ಷರ ಎಲ್ಲಿಗೂ ಓಡಿಹೋಗಲ್ಲ, ಮೀಟರ್ ಓಡುತ್ತೆ. ಕಟ್ ಮಾಡು!"

ನಾನು ಆತುರಾತುರವಾಗಿ ಇಳಿಸಿಕೊಳ್ಳುತ್ತಿದ್ದ ಆ ಕಾಗದಗಳು ನನ್ನ ನಾದಿನಿ ಸುಮತಿಯವು. ಅವಳ ವಿಷಯ ಸ್ವಲ್ಪ ಹೇಳಬೇಕು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದ ಸುಮತಿ, ಹಲಸೂರಿನ ಜೋಸೆಫ್ ಎಂಬ ಹಡಗಿನ ಎಲೆಕ್ಟ್ರಿಷಿಯನ್ನನ್ನು ಮನೆಯಲ್ಲಿ ಒಂದು ಮಾತೂ ಹೇಳದೆ ರಿಜಿಸ್ಟರ್ ಮದುವೆಯಾಗಿ, ಅವನ ಕೆಲಸವಿದ್ದ ಸಿಂಗಪುರಕ್ಕೆ ಹೋಗಿದ್ದಳು. ಮಾವ ಕೂಗಾಡಲಿಲ್ಲ. ಮಗಳ ಹೆಸರೆತ್ತಬೇಡಿ ಎನ್ನಲೂ ಇಲ್ಲ. ಅವಳು ಫೋನ್ ಮಾಡಿದರೆ ಎತ್ತುತ್ತಿದ್ದರು. "ಹೊರದೇಶದ ಕಾಲ್, ಮೀಟರ್ ಓಡ್ತಿದೆ, ನಿಮ್ಮಮ್ಮನಿಗೆ ಕೊಡ್ತೀನಿ" ಎಂದು ಕೊಟ್ಟುಬಿಡುತ್ತಿದ್ದರು. ದುಡ್ಡು ಕೊಡುತ್ತಿದ್ದವಳು ಅವಳು, ಉಳಿಸುತ್ತಿದ್ದವರು ಇವರು! ಅವಳ ಪ್ರತಿ ಕಾಗದದ ಕೊನೆಯಲ್ಲೂ 'ಅಪ್ಪ ನನ್ನ ಹತ್ತಿರ ಯಾವಾಗ ಮಾತಾಡ್ತಾರೆ ಅತ್ತಿಗೆ?' ಎಂದಿರುತ್ತಿತ್ತು. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. "ಕ್ಷೇಮ ಅಂತ ಹಾಕು" ಎಂದು ಮಾವ ಹಿತ್ತಲಿಗೆ ಹೋಗುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ ಅವರ ಮುನಿಸನ್ನೆಲ್ಲ ಆ ಮೀಟರು ಹೊತ್ತುಕೊಂಡಿತ್ತು.

ಅದಕ್ಕೇ, ತಿಂಗಳಿಗಿಷ್ಟು ಎಂದು ಕಟ್ಟಿಬಿಟ್ಟರೆ ಬೇಕಾದಷ್ಟು ಬಳಸಬಹುದಾದ ಬ್ರಾಡ್‌ಬ್ಯಾಂಡ್ ನಮ್ಮ ರಸ್ತೆಗೂ ಬಂದಾಗ ನಾನು ಹಟಕ್ಕೆ ಬಿದ್ದೆ. ಮೀಟರೇ ಹೋದರೆ ಅಪ್ಪ-ಮಗಳು ಮಾತಾಡದೆ ಏನು ಮಾಡುತ್ತಾರೆ ಎಂಬುದು ನನ್ನ ಲೆಕ್ಕ. ನಾನು ಬಹಳ ದೊಡ್ಡ ಮನಸ್ಸಿನವಳು ಅಂದುಕೊಳ್ಳಬೇಡಿ. ಪದಬಂಧ ಆಡುವ ಆಸೆಯೂ ಇತ್ತು.

ಮಾವ ಒಪ್ಪಲಿಲ್ಲ. "ಅಳತೆಯಿಲ್ಲದ್ದು ಎಂಥಾ ವ್ಯಾಪಾರಮ್ಮಾ? ನೀರಿಗೆ ಮೀಟರ್ ಇದೆ, ಕರೆಂಟಿಗೆ ಮೀಟರ್ ಇದೆ. ಆಟೋಗೂ ಇದೆ."

"ಆಟೋದೋರು ಹಾಕ್ಬೇಕಲ್ಲ ಮಾವ?" ಅಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. ಹಿಂದಿನ ವಾರವಷ್ಟೇ ಶಿವಾಜಿನಗರದಿಂದ ಬರುವಾಗ ಆಟೋದವನೊಬ್ಬ ಅವರಿಗೆ ಸರಿಯಾಗಿ ಟೋಪಿ ಹಾಕಿದ್ದ. ಆ ನಗುವನ್ನೇ ಒಪ್ಪಿಗೆ ಎಂದುಕೊಂಡು ಮರುದಿನ ಅರ್ಜಿ ಕೊಟ್ಟುಬಂದೆ.

ಆಮೇಲೆ ನಡೆದದ್ದನ್ನು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಬಳಸಿದರೆ ಬಿಲ್ಲು ಎಂದು ಹೆದರುತ್ತಿದ್ದ ಮನುಷ್ಯನಿಗೆ ಈಗ ಬಳಸದಿದ್ದರೆ ನಷ್ಟ ಎಂಬ ಹೆದರಿಕೆ ಹಿಡಿಯಿತು. "ದುಡ್ಡು ಕಟ್ಟಿ ಆಗಿದೆ. ಮಷೀನು ಖಾಲಿ ಬಿಡಬಾರದು. ಕಾರ್ಖಾನೇಲಿ ಇದಕ್ಕೇ ಮೆಮೊ ಕೊಡ್ತಿದ್ರು" ಎಂದು ಹಾಳೆಗೆ ಗೆರೆ ಎಳೆದು ಶಿಫ್ಟು ಬರೆದು ಗೋಡೆಗೆ ಅಂಟಿಸಿದರು. ಬೆಳಗಿನ ಶಿಫ್ಟು ಅವರದು. ಮಧ್ಯಾಹ್ನ ಅತ್ತೆಯದು. ನಾನು ಇನ್ಶೂರೆನ್ಸ್ ಆಫೀಸಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ನನ್ನದು. ನಮ್ಮ ಯಜಮಾನರದು ಓವರ್‌ಟೈಮು. ಪಾಪ, ಅತ್ತೆ ಮೌಸಿನ ಮೇಲೆ ಕೈಯಿಟ್ಟು ದೇವಸ್ಥಾನಗಳ ಚಿತ್ರ ನೋಡುತ್ತ ಹಾಗೇ ತೂಕಡಿಸುತ್ತಿದ್ದರು. ಒಂದು ದಿನ ಕಣ್ಣು ತೆರೆದಾಗ ತಿರುಪತಿಯ ಜಾಗದಲ್ಲಿ ಟ್ರ್ಯಾಕ್ಟರ್ ಜಾಹೀರಾತು. "ರೀ, ನಿಮ್ಮ ಇಂಟರ್ನೆಟ್ಟಿಗೆ ಬೆಂಕಿ ಹಾಕ, ನನಗೆ ರಜ ಕೊಡ್ರೀ" ಎಂದು ಎದ್ದುಹೋದರು. ಬೇಕಾದಷ್ಟು ಬಳಸಿ ಎಂದರೆ ಬೇಡವಾಗುವಷ್ಟು ಬಳಸಬೇಕು ಎಂದು ನಮ್ಮ ಮನೆಯಲ್ಲಿ ಅರ್ಥವಾಗಿತ್ತು.

ಮಾವ ತಮ್ಮ ಶಿಫ್ಟಿನಲ್ಲಿ ಊರೂರಿನ ಹವಾಮಾನ ನೋಡುತ್ತಿದ್ದರು. ಊಟಕ್ಕೆ ಕೂತಾಗ ಅದರ ವರದಿ. ದೆಹಲಿಯಲ್ಲಿ ಮಂಜು, ಲಂಡನ್ನಿನಲ್ಲಿ ಮೋಡ. ದಿನಕ್ಕೊಂದು ಊರು ಬದಲಾಗುತ್ತಿತ್ತು, ಆದರೆ ಕೊನೆಯ ಊರು ಬದಲಾಗುತ್ತಿರಲಿಲ್ಲ. "ಸಿಂಗಪುರದಲ್ಲಿ ಇವತ್ತೂ ಮಳೆಯಂತೆ." ಅತ್ತೆ ಸಾರಿನ ಸೌಟು ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನೂ ಅವರ ಮುಖ ನೋಡುತ್ತಿದ್ದೆ. ಮಾವ ಮಾತ್ರ ಮಜ್ಜಿಗೆ ಕೇಳುತ್ತಿದ್ದರು.

ಮೂರು ತಿಂಗಳಾಯಿತು. ಸುಮತಿ ಈಗ ಕಂಪ್ಯೂಟರಿನಲ್ಲೇ ಮಾತಿಗೆ ಸಿಗುತ್ತಿದ್ದಳು, ಆದರೆ ಮಾವ ಆ ಹೊತ್ತಿಗೆ ಸರಿಯಾಗಿ ಬಾಣಸವಾಡಿಯಲ್ಲಿ ತರಕಾರಿ ಅಗ್ಗ ಎಂದು ಚೀಲ ಹಿಡಿದು ಹೊರಡುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವರ ಶಿಫ್ಟಿನಲ್ಲೇ ಅವಳು ಕರೆದಳು. ಅಮೆರಿಕದ ಗಾಳಿಯ ವೇಗ ನೋಡುತ್ತ ಕೂತಿದ್ದವರ ಕೈ ಗಾಬರಿಯಲ್ಲಿ ಎಲ್ಲೋ ಒತ್ತಿತು, ಸ್ಪೀಕರಿನಿಂದ "ಅಪ್ಪಾ?" ಎಂದು ದನಿ ಬಂತು.

"ಮೀಟರ್ ಓಡ್ತಿದೆ, ನಿಮ್ಮಮ್ಮನಿಗೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ನಾನು ಬಾಗಿಲಲ್ಲೇ ಇದ್ದೆ. "ಮಾವ, ಮೀಟರ್ ತೆಗೆಸಿ ಮೂರು ತಿಂಗಳಾಯ್ತು."

ಸಿಕ್ಕಿಬಿದ್ದ ಮಾವ ಗಂಟಲು ಸರಿಮಾಡಿಕೊಂಡರು. "ಮಳೆ ಬಂತಾ?"

"ಬಂತಪ್ಪ. ಈಗ ನಿಂತಿದೆ."

ಅಷ್ಟೇ. ಮುಂದೆ ಇಬ್ಬರಿಗೂ ಮಾತಿಲ್ಲ. ಮಾತು ನಿಂತರೆ ಕೂಡಲೇ ಏನಾದರೂ ತುಂಬುವುದು ನನ್ನ ರೋಗ. ಇನ್ನೇನು ಮಧ್ಯೆ ಬಾಯಿ ಹಾಕುವವಳು, ಮಾವ ಹಿಂದೆ ತಿರುಗದೆ ಕೈಯೆತ್ತಿ ತಡೆದರು. ಅತ್ತ ಅವಳೂ ಇಡಲಿಲ್ಲ. ಸ್ಪೀಕರಿನಲ್ಲಿ ಫ್ಯಾನು ತಿರುಗುವ ಸದ್ದು, ಯಾರೋ ಪಾತ್ರೆ ಇಟ್ಟ ಸದ್ದು. ನಿಮಿಷಕ್ಕಿಷ್ಟು ಎಂದು ಕೊಡುವಾಗ ಯಾರು ಹೀಗೆ ಸುಮ್ಮನೆ ಕೂರುತ್ತಾರೆ ಹೇಳಿ? ಆ ಕಾಲದಲ್ಲಿ ಸುಮ್ಮನಾದರೆ ಫೋನ್ ಇಟ್ಟೆವೆಂದೇ ಅರ್ಥ. ಇವರಿಬ್ಬರು ಕೂತೇ ಕೂತರು, ಅತ್ತೆಯ ಒಲೆಯ ಮೇಲೆ ಹಾಲು ಕಾದು ಉಕ್ಕಿ ಚೆಲ್ಲುವಷ್ಟು ಹೊತ್ತು.

ಕೊನೆಗೆ ಮಾವ, ಪರದೆಯನ್ನಲ್ಲ, ಕೀಲಿಮಣೆಯನ್ನು ನೋಡುತ್ತ ಹೇಳಿದರು. "ಒಂದ್ ಮಾತು ಹೇಳ್ಬೋದಿತ್ತಲ್ವೇನೇ?"

"ಹೇಳ್ಬೋದಿತ್ತಪ್ಪ. ಹೆದರಿಕೆ ಆಯ್ತು."

"ನನ್ನ ಕಂಡ್ರಾ?"

ಮಾವ ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿಕೊಂಡು, "ಜೋಸೆಫ್ ಮನೇಲಿದಾನಾ? ಕರಿ" ಎಂದರು. ನನಗೆ ಅಳು ಬಂತು, ಅದನ್ನು ಹೇಳಲು ನಾಚಿಕೆಯೇನಿಲ್ಲ. ಅತ್ತೆಯಂತೂ ಉಕ್ಕಿದ ಹಾಲು ಒರೆಸುವ ನೆಪದಲ್ಲಿ ಒಲೆ ಬಿಟ್ಟು ಬರಲೇ ಇಲ್ಲ.

ಮಾವ ಈಗಿಲ್ಲ. ಸುಮತಿ ಸಿಂಗಪುರದಲ್ಲೇ ಇದ್ದಾಳೆ, ಭಾನುವಾರ ನನಗೆ ಫೋನ್ ಮಾಡುತ್ತಾಳೆ. ಮಾತು ಮುಗಿದ ಮೇಲೂ ಇಡಬೇಕೆನ್ನಿಸುವುದಿಲ್ಲ. ಮಾತಿಲ್ಲದೆ ಕೂರುವುದನ್ನು ಈ ಬಾಯಿಬಡುಕಿಯೂ ಕಲಿತಿದ್ದಾಳೆ. ನಿನ್ನೆ ಹಾಗೇ ಇಬ್ಬರೂ ಸುಮ್ಮನಿದ್ದಾಗ ಅವಳ ಅಡುಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗಿತು.

"ಅತ್ತಿಗೆ, ಬೇಳೆ ಆಯ್ತು. ಫೋನ್ ಇಡ್ಲಾ?"

"ಕುಕ್ಕರ್ ಇಳಿಸಿ ಬಾರೇ," ಅಂದೆ. "ನಾನ್ ಇಲ್ಲೇ ಇರ್ತೀನಿ."