ಬಚ್ಚಲಮನೆಯ ಪೈಪಿನ ಒದರಾಟ

ಸಪ್ಪಳ ಮಾಡಬೇಡಿ ಎಂದು ಹೇಳಿ ಹೇಳಿಯೇ ಸಂಬಳ ತಿಂದವಳು ನಾನು. ಶಾಲೆಯಲ್ಲಿ ಈ ಮಾತು ನಡೆಯುತ್ತದೆ. ಬೆತ್ತ ಹಿಡಿಯದಿದ್ದರೂ ಸರಿಯೇ, ಒಮ್ಮೆ ಕಣ್ಣು ಬಿಟ್ಟರೆ ಹಿಂದಿನ ಬೆಂಚಿನವರೆಗೆ ಎಲ್ಲ ತಣ್ಣಗಾಗುತ್ತದೆ. ಮನೆಯಲ್ಲಿ ಮಾತ್ರ ನನ್ನ ಕಣ್ಣಿಗೆ ಕವಡೆ ಕಿಮ್ಮತ್ತಿಲ್ಲ. ಓಣಿಯ ಮೋಟಾರುಬೈಕು, ಮದುವೆ ಮನೆಯ ಬ್ಯಾಂಡು, ಎದುರು ಮನೆಯ ಹುಂಜ, ಇವುಗಳ ಜೊತೆ ಹೇಗೋ ರಾಜಿಯಾಗಿದ್ದೆ. ಆದರೆ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಚ್ಚಲಮನೆಯ ಪೈಪು ಒದರಲು ಶುರು ಮಾಡಿತಲ್ಲ, ಅದರ ಮುಂದೆ ನಾನು ಸೋತೆ.

ಒದರುವುದೆಂದರೆ ಸಣ್ಣಗೆ ಗೊಣಗುವುದಲ್ಲ. ನಲ್ಲಿ ತಿರುಗಿಸಿದರೆ ಮೊದಲು ‘ಗುಂಯ್’ ಎನ್ನುವುದು. ನೀರು ಜೋರಾದಂತೆ ಮಾಳಿಗೆಯ ಮೇಲಿನ ನೀರಿನ ಟಾಕಿಯಿಂದ ಕೆಳಗಿನ ಹಂಡೆಯವರೆಗೆ ಇಡೀ ಪೈಪು ಗೋಡೆಗೆ ಧಡಧಡ ಬಡಿದುಕೊಳ್ಳುವುದು. ನಲ್ಲಿ ನಿಲ್ಲಿಸಿದರೆ ‘ಢಣ್’ ಎಂದು ಕೊನೆಯದೊಂದು ಪೆಟ್ಟು. ಇದು ಬಸವಕಲ್ಯಾಣ, ಮಾತಿನಿಂದಲೇ ಹೆಸರಾದ ಊರು. ಇಲ್ಲಿ ಪೈಪಿಗೂ ಬಾಯಿ ಬಂದರೆ ಆಶ್ಚರ್ಯವೇನು ಎಂದು ಮೊದಮೊದಲು ನಾನೂ ನಗೆಯಾಡಿದೆ.

ನಗೆ ಬಹಳ ದಿನ ಉಳಿಯಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ನಮ್ಮ ಮನೆಯವರಿಗೆ ಸ್ನಾನದ ಹುಚ್ಚು ಹಿಡಿಯಿತು. ಬೆಳಿಗ್ಗೆ ಎದ್ದೊಡನೆ ಬಚ್ಚಲು, ಚಹಾ ಕುಡಿದ ಮೇಲೆ ಬಚ್ಚಲು, ಊಟದ ನಡುವೆ ಎದ್ದು ಬಚ್ಚಲು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟರೆಂದರೆ ಮನೆ ನಡುಗುತ್ತಿತ್ತು. “ಈ ವಯಸ್ಸಿನ್ಯಾಗ ಇಷ್ಟು ಮಡಿ ಹ್ಯಾಂಗ ಬಂತ್ರಿ ನಿಮಗ? ಪೂಜಾರಿಕಿ ಹಿಡೀತೀರೇನು?” ಎಂದು ಛೇಡಿಸಿದರೆ ಮುಖ ಒರೆಸಿಕೊಳ್ಳುತ್ತ ಸುಮ್ಮನೆ ನಗುತ್ತಿದ್ದರು.

ನಮ್ಮ ಮನೆಯವರು, ಅಂದರೆ ಮಾಣಿಕಪ್ಪನವರು, ಪೈಪು ತಿಳಿಯದ ಆಸಾಮಿಯಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ, ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿ ಆಯುಷ್ಯ ಸವೆಸಿದವರು. ಕಣ್ಣು ಮುಚ್ಚಿ ನಿಂತರೂ ಯಾವ ಕೊಳವೆಯ ಯಾವ ಕೀಲು ಸಡಿಲಾಗಿದೆ ಎಂದು ಸಪ್ಪಳದಿಂದಲೇ ಹೇಳುತ್ತಿದ್ದರಂತೆ. ಮನೆಯಲ್ಲಿ ಒಂದು ಹನಿ ಸೋರಿದರೆ ಊಟ ಬಿಟ್ಟು ಪಾನಾ, ಇಕ್ಕಳ ಹಿಡಿಯುತ್ತಿದ್ದ ಮನುಷ್ಯ, ಈಗ ಪೈಪು ಹೀಗೆ ಬೊಬ್ಬೆ ಹೊಡೆದರೂ, “ವಯಸ್ಸಾಗ್ಯಾದ ಅದಕ್ಕ. ಒದರ್ಲಿ ಬಿಡು,” ಎನ್ನುತ್ತಿದ್ದರು. ಬಾಣಸಿಗ ಮನೆಯಲ್ಲಿ ಅನ್ನ ಮಾಡುವುದಿಲ್ಲವಲ್ಲ, ಹಾಗೆ ಇದೂ ಒಂದು ಎಂದುಕೊಂಡೆ.

ಮನೆಯ ತಜ್ಞರು ಕೈ ಚೆಲ್ಲಿದ ಮೇಲೆ ಓಣಿಯ ತಜ್ಞರು ಬಂದರು. ಪೈಪು ಒದರುವುದಕ್ಕೂ ಮಗುವಿಗೆ ಹೊಟ್ಟೆ ನೋಯುವುದಕ್ಕೂ ಒಂದು ಸಾಮ್ಯವಿದೆ: ಮದ್ದು ಹೇಳದವರೇ ಇಲ್ಲ. ಗೋಡೆಯಾಚೆಯ ಶಹನಾಜ್ ಆಪಾ, “ಅರೇ ಟೀಚರಮ್ಮಾ, ಪೈಪ್‌ನ್ಯಾಗ ಹವಾ ಹೊಕ್ಕದ. ಎಲ್ಲಾ ನಲ್ಲಿ ಖುಲ್ಲಾ ಬಿಟ್ಟು ನೋಡ್ರಿ, ತಾನೇ ಹೊರಗ ಹೋಗ್ತದ,” ಎಂದಳು. ಟಾಕಿಯ ನೀರೆಲ್ಲ ಹೋಯಿತು, ಹವಾ ಹೋಗಲಿಲ್ಲ. ಹುಮನಾಬಾದಿನ ಬಜಾರದಲ್ಲಿ ಅಡತಿ ಅಂಗಡಿ ಇಟ್ಟಿರುವ ನನ್ನ ತಮ್ಮ ಬಂದವನು, ತೊಗರಿ ಚೀಲ ಪರೀಕ್ಷಿಸುವ ಗತ್ತಿನಲ್ಲಿ ಪೈಪನ್ನು ಬೆರಳಿನಿಂದ ತಟ್ಟಿ, “ಒಳಗ ಸುಣ್ಣ ಕಟ್ಯಾದ ಅಕ್ಕಾ. ಪೂರಾ ಬದಲಿ ಮಾಡ್ಸು,” ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋದ.

ನಾನೂ ಸುಮ್ಮನಿರಲಿಲ್ಲ. ಗೋಡೆಗೆ ಕಿವಿ ಹಚ್ಚಿ ನಿಂತೆ. ಹಾಗೆ ನಿಂತಾಗ ನಮ್ಮ ಊರಿನ ಕೋಟೆಯ ಕಾವಲುಗಾರರು ನೆನಪಾದರು. ವೈರಿ ಸುರಂಗ ತೋಡುತ್ತಿದ್ದಾನೋ ಎಂದು ಅವರೂ ನೆಲಕ್ಕೆ ಕಿವಿ ಹಚ್ಚುತ್ತಿದ್ದಿರಬೇಕು. ಹಿಂದೆ ನೀರಿನ ಗದ್ದಲವೆಲ್ಲ ಮನೆಯ ಹೊರಗೇ ಇರುತ್ತಿತ್ತು. ಬಾವಿಯ ರಾಟೆ ಕಿರಗುಟ್ಟುತ್ತಿತ್ತು, ಕೊಡಗಳು ತಾಕುತ್ತಿದ್ದವು, ಹೆಂಗಸರು ಜಗಳಾಡುತ್ತಿದ್ದರು. ಆ ಸಪ್ಪಳಕ್ಕೆ ಯಾರೂ ಚಿಕಿತ್ಸೆ ಹುಡುಕಲಿಲ್ಲ. ನಾವು ನೀರನ್ನು ಗೋಡೆಗುಂಟ ಒಳಗೆ ಕರೆದೆವು, ಅದು ತನ್ನ ಗದ್ದಲವನ್ನೂ ಜೊತೆಗೆ ತಂದಿತು. ಹೀಗೆಲ್ಲ ತತ್ವಜ್ಞಾನ ಹೇಳಿಕೊಂಡರೂ ತಲೆನೋವು ಕಡಿಮೆಯಾಗಲಿಲ್ಲ.

ಕೊನೆಗೆ ಒಂದು ಭಾನುವಾರ ಖದೀರ್ ಎಂಬ ಪ್ಲಂಬರನನ್ನು ಕರೆಸಿದೆ. ಮನೆಯವರು ಬೇಡವೆಂದರು, ನಾನು ಕೇಳಲಿಲ್ಲ. ಖದೀರ್ ಹಂಡೆ ಸರಿಸಿ, ಹಿಂದೆ ಇಣುಕಿ, “ಏನೂ ಆಗಿಲ್ರಿ. ಪೈಪ್ ಹಿಡ್ಕೊಂಡಿರೋ ಕ್ಲಾಂಪ್ ಎಲ್ಲಾ ಸಡ್ಲ್ ಅವ. ಆದ್ರ ತಾವೇ ಸಡ್ಲ್ ಆಗಿದ್ದಲ್ಲ, ಸ್ಕ್ರೂಗ ಜಂಗು-ತುಕ್ಕು ಹಿಡಿದಿಲ್ಲ, ಯಾರೋ ಪಾನಾ ಹಚ್ಚಿ ಬಿಚ್ಚ್ಯಾರ,” ಎಂದ. ಹಿಂದೆ ಮನೆಗೆ ಸುಣ್ಣ ಬಳಿಯಲು ಬಂದವರ ಕೆಲಸವಿರಬೇಕು ಎಂದು ನಾನು ಅವರನ್ನು ಬೈದೆ. ಪಡಸಾಲೆಯ ಮಂಚದ ಮೇಲೆ ಕೂತಿದ್ದ ಮನೆಯವರು ಓಣಿಯ ಕಡೆ ಮುಖ ಮಾಡಿಕೊಂಡಿದ್ದರು. ಖದೀರ್ ಸ್ಕ್ರೂ ಬಿಗಿ ಮಾಡಿ ಹೋದ. ನಲ್ಲಿ ತಿರುಗಿಸಿದೆ, ನೀರು ಎಣ್ಣೆಯಂತೆ ಇಳಿಯಿತು. ಗೆದ್ದ ಖುಷಿಯಲ್ಲಿ ಅಂದು ರವೆಯ ಶಿರಾ ಮಾಡಿದೆ.

ಸೋಮವಾರ ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಘಾಟಬೋರಾಳದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಸಿಕ್ಕ ಮೇಲೆ ಬೇಗನೆ ಬಸ್ಸು ಹಿಡಿಯಬೇಕು. ಮನೆಯವರು ಎಂದಿನಂತೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟರು. ಪೈಪು ತುಟಿ ಬಿಚ್ಚಲಿಲ್ಲ. ಬಾಗಿಲಾಚೆಯಿಂದ ಕೆಮ್ಮು ಕೇಳಿಸಿತು. ಬಾಯಿಗೆ ಟವೆಲು ಒತ್ತಿಕೊಂಡು ಕೆಮ್ಮುವ ಕೆಮ್ಮು. ಅದು ನಿಂತ ಮೇಲೆ ಉಸಿರು ಒಳಗೆ ಎಳೆದುಕೊಳ್ಳುವ ಸಪ್ಪಳ ಬಂತು. ಅದನ್ನು ಕೇಳಿ ನೆರಿಗೆ ಕೈಯಿಂದ ಜಾರಿತು. ಒಣಗಿದ ಬಾವಿಯಿಂದ ನೀರು ಜಗ್ಗುವ ಮೋಟಾರಿನ ಹಾಗೆ ಎದೆ ಎಳೆಯುತ್ತಿತ್ತು, ಏನೂ ಬರುತ್ತಿರಲಿಲ್ಲ.

ಬಡ್ತಿಯ ಆದೇಶ ಬಂದಾಗ ನಾನು ಒಂದು ಮಾತು ಆಡಿದ್ದೆ. ಅದಕ್ಕೂ ಮುಂಚೆ ಹುಮನಾಬಾದಿನ ಡಾಕ್ಟರು ಇವರ ಎದೆಯ ಫೋಟೋ ನೋಡಿ, ಶ್ವಾಸನಾಳಗಳು ಗಡುಸಾಗಿವೆ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುತ್ತಿಲ್ಲ, ಔಷಧಿ ನೋಡೋಣ ಎಂದಿದ್ದರು. “ನಿಮಗ ಜಾಸ್ತಿ ಆದ್ರ ಬಡ್ತೀನೂ ಬ್ಯಾಡ, ನೌಕರೀನೂ ಬ್ಯಾಡ. ಮನ್ಯಾಗ ಇರ್ತೀನಿ,” ಎಂದಿದ್ದೆ. ಆ ವಾರದಿಂದಲೇ ಇವರಿಗೆ ಔಷಧಿ ಅಮೃತದಂತೆ ಹತ್ತಿತು. ಕೇಳಿದಾಗಲೆಲ್ಲ “ಆರಾಮ ಅದ” ಎನ್ನುತ್ತಿದ್ದರು. ಪೈಪು ಒದರತೊಡಗಿದ್ದೂ ಆಗಲೇ.

ಅವರು ಬಾಗಿಲು ತೆಗೆದು ಹೊರಗೆ ಬಂದಾಗ ನಾನು ಎದುರಿಗೇ ನಿಂತಿದ್ದೆ. ತುಟಿಗಳು ನೀಲಿಯಾಗಿದ್ದವು.

“ಕ್ಲಾಂಪ್ ನೀವೇ ಬಿಚ್ಚೀರಿ ಹೌದಿಲ್ಲೋ?”

ಅವರು ಹೊಸ್ತಿಲ ಮೇಲೆ ಕುಳಿತರು. ಮಾತಿಗೆ ಉಸಿರು ಕೂಡಿಸಿಕೊಳ್ಳಬೇಕಾಯಿತು. “ಹೌದು. ಮತ್ತೇನ್ ಮಾಡ್ಲಿ? ಗೊತ್ತಾಗಿದ್ರ ನೀ ಎಲ್ಲಾ ಬಿಟ್ಟು ನನ್ನ ಬಾಜೂಕ ಕುಂತು ನನ್ನ ಎದಿ ಸಪ್ಪಳ ಕೇಳ್ಕೋತ ಇರ್ತಿದ್ದಿ. ನನಗ ಅದು ಬ್ಯಾಡಾಗಿತ್ತು.”

ನನಗೆ ಸಿಟ್ಟು ಬಂತು. ಅಳು ಬಂದದ್ದು ಅದರ ನಂತರ. ಆಯುಷ್ಯವಿಡೀ ಪೈಪುಗಳ ಬಾಯಿ ಮುಚ್ಚಿಸಿದ ಮನುಷ್ಯ, ಮನೆಯ ಪೈಪಿಗೆ ತಾನೇ ಬಾಯಿ ಕೊಟ್ಟು, ಅದರ ಮರೆಯಲ್ಲಿ ಒಬ್ಬನೇ ನಿಂತು ಏದುಸಿರು ಬಿಡುತ್ತಿದ್ದ. ನಾನು ಹೊರಗೆ ನಿಂತು ಪೈಪಿಗೆ ಶಾಪ ಹಾಕುತ್ತಿದ್ದೆ. ಅಂದು ಘಾಟಬೋರಾಳದ ಬಸ್ಸು ಹತ್ತಲಿಲ್ಲ, ಹುಮನಾಬಾದಿನ ಬಸ್ಸು ಹತ್ತಿದೆವು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇದು ಗುಣವಾಗುವ ರೋಗವಲ್ಲ, ಮುಂಚೆಯೇ ಬಂದಿದ್ದರೂ ಗುಣವಾಗುತ್ತಿರಲಿಲ್ಲ, ಇನ್ನು ಮುಂದೆ ಕೆಳಗಿಳಿಯುವುದೇ, ಆದಷ್ಟು ನಿಧಾನ ಮಾಡೋಣ ಎಂದರು. ಈಗ ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಬಂದು ಕೂತಿದೆ. ಅದೂ ಗುರುಗುಡುತ್ತಿತ್ತು. ಇವರು ಮೊದಲ ದಿನವೇ ಹಳೆಯ ಟೈರಿನ ತುಂಡು ಕತ್ತರಿಸಿ ಅದರ ಕಾಲ ಕೆಳಗೆ ಕೊಟ್ಟು ಸುಮ್ಮನಾಗಿಸಿದರು. ನೌಕರಿಯ ಜಗಳ ಒಂದು ಒಪ್ಪಂದಕ್ಕೆ ಬಂದು ನಿಂತಿದೆ: ನಾನು ಶಾಲೆಗೆ ಹೋಗಬೇಕು, ಅವರು ಕೆಮ್ಮಲು ಬಚ್ಚಲಿಗೆ ಹೋಗಬಾರದು. ನಾನಿಲ್ಲದ ಹೊತ್ತಿನಲ್ಲಿ ಶಹನಾಜ್ ಆಪಾ ಎರಡೂ ಮನೆಗಳ ನಡುವಿನ ಬಾಗಿಲು ತೆಗೆದಿಟ್ಟುಕೊಂಡು ಕಾಳು ಆರಿಸುತ್ತ ಕೂರುತ್ತಾಳೆ.

ಬೆಳಿಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೇನೆ. ನಡುನಡುವೆ ಕೈ ತಾನಾಗಿಯೇ ನಿಲ್ಲುತ್ತದೆ. ಮನೆಯೆಲ್ಲ ನಿಶ್ಶಬ್ದ. ಇಂಥ ನಿಶ್ಶಬ್ದಕ್ಕಾಗಿ ಎಷ್ಟು ಒದ್ದಾಡಿದ್ದೆ, ಈಗ ಅದರಷ್ಟು ಹೆದರಿಸುವುದು ಇನ್ನೊಂದಿಲ್ಲ. ಹೆಂಚಿನ ಮೇಲಿನದು ಹೊಗೆಯಾಡುವವರೆಗೆ ಕಿವಿಗೊಟ್ಟು ಕೂತಿರುತ್ತೇನೆ. ಪಡಸಾಲೆಯಲ್ಲಿ ಅವರಿಗೆ ನನ್ನ ಬಡಿತ ನಿಂತದ್ದು ತಿಳಿಯುತ್ತದೆ. ಸಪ್ಪಳದಿಂದ ಎಲ್ಲವನ್ನೂ ತಿಳಿಯುವ ಮನುಷ್ಯ. ಒಮ್ಮೆ ಕೆಮ್ಮಿ, ಉಸಿರು ಕೂಡಿಸಿಕೊಂಡು ಅಲ್ಲಿಂದಲೇ ಕೂಗುತ್ತಾರೆ:

“ಇದ್ದೀನಿ ಇನ್ನಾ. ರೊಟ್ಟಿ ಹೊತ್ತಾಕತ್ತದ ನೋಡು.”