ಮೊಟ್ಟೆಯೆಂದು ಹೆಕ್ಕಿದ ಗೊಬ್ಬರ

ಕಳೆದ ವಾರ ಬಾಗಿಲ ಮುಂದಿನ ಕಾರಿಡಾರ್ ಗುಡಿಸುವಾಗ ಕಸಬರಿಕೆಗೆ ಒಂದು ಕಾಳು ಸಿಕ್ಕಿತು. ಸಾಸಿವೆಗಿಂತ ದೊಡ್ಡದು, ಸಬ್ಬಕ್ಕಿಗಿಂತ ಸಣ್ಣದು, ಮಾಸಿದ ಹಳದಿ ಬಣ್ಣ. ನಮ್ಮ ಕರಿಬೇವಿನ ಕುಂಡದಿಂದ ಉರುಳಿದ್ದಿರಬೇಕು. ಎರಡು ಬೆರಳ ನಡುವೆ ಹಿಸುಕಿದೆ. ಪಟ್ ಎಂದು ಒಡೆದು ಒಂದು ಹನಿ ನೀರು ಬಂತು, ಅಷ್ಟೇ. ಉಳಿದದ್ದು ಖಾಲಿ ಸಿಪ್ಪೆ. ಗುಡಿಸುವುದನ್ನು ಬಿಟ್ಟು ಸ್ಟೂಲಿನ ಮೇಲೆ ಕೂತುಕೊಂಡೆ. ಪಕ್ಕದ ಮನೆಯ ಅಣ್ಣೆ ನೆನಪಾದರು...

ನಾನು ಬರೆಯುವವಳಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳಿಗೆ ಹೇಳಿ ಬರೆಸಬಹುದಿತ್ತು, ಆದರೆ ಅವಳು ಬರೆದರೆ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾಳೆ. ಅದಕ್ಕೆ ನಾನೇ ಅಕ್ಷರ ಕೂಡಿಸಿ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಕಡೆ. ಗಂಡ ಈ ಪರದೇಶಕ್ಕೆ ಬಂದು ಬ್ರಿಕ್‌ಫೀಲ್ಡ್ಸ್ ಪೇಟೆಯ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು, ನಾನು ಅಲ್ಲೇ ಹಿಟ್ಟು ರುಬ್ಬುತ್ತಿದ್ದೆ. ಅವರು ತೀರಿಕೊಂಡ ಮೇಲೆ ಕ್ಲಾಂಗಿನಲ್ಲಿರುವ ಮಗಳ ಮನೆಗೆ ಬಂದೆ. ಅವಳಿಗೆ ಬಂದರಿನ ಹತ್ತಿರ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಫ್ಲ್ಯಾಟಿನ ಕೆಳಗಿನ ಅಂತಸ್ತಿನ ಮನೆ. ಪಕ್ಕದ ಬಾಗಿಲಲ್ಲಿ ಈ ತಮಿಳು ಮನುಷ್ಯ ಒಬ್ಬರೇ ಇದ್ದರು. ಇಲ್ಲಿಯ ತಮಿಳರು ಅಣ್ಣನನ್ನು ಅಣ್ಣೆ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರು ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಯಾರು ದೊಡ್ಡವರೆಂದು ಇಬ್ಬರೂ ಕೇಳಲಿಲ್ಲ. ಅವರದು ತಮಿಳು, ನನ್ನದು ಅರ್ಧ ಕನ್ನಡ ಬೆರೆಸಿದ ತಮಿಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಅಣ್ಣೆ ಹರೆಯದಿಂದ ತಾಳೆ ಎಣ್ಣೆ ಎಸ್ಟೇಟಿನಲ್ಲಿ ದುಡಿದವರು. ಗೊಬ್ಬರದ ಬುಟ್ಟಿ ಹೊತ್ತು ಒಂದೊಂದು ಮರದ ಸುತ್ತಲೂ ಎರಚುವ ಕೆಲಸ. ಬೆರಳ ಸಂದುಗಳು ಒಡೆದು ಕಪ್ಪಗಾಗಿದ್ದವು, ಎಷ್ಟು ತೊಳೆದರೂ ಹಾಗೇ. ಬೆಳಿಗ್ಗೆ ಎರಚಿದ್ದು ಸಂಜೆ ಮಳೆಗೆ ಕೊಚ್ಚಿ ಹಳ್ಳ ಸೇರುತ್ತಿತ್ತಂತೆ. ‘ಅರ್ಧ ಜೀವಮಾನ ಮೀನಿಗೇ ಊಟ ಹಾಕಿದೆ’ ಎಂದು ನಗುತ್ತಿದ್ದರು.

ಕಾರಿಡಾರಿನ ಆಚೆ ಬದಿ ಅವರದು ಇಪ್ಪತ್ತಕ್ಕೂ ಹೆಚ್ಚು ಕುಂಡಗಳಿದ್ದವು. ಎಲ್ಲವೂ ಚೆನ್ನಾಗಿಯೇ ಇದ್ದವು. ಆದರೆ ಅವರ ಲೆಕ್ಕಕ್ಕೆ ಇದ್ದದ್ದು ಒಂದೇ. ಹಳೆಯ ಪೇಂಟ್ ಡಬ್ಬಿಯಲ್ಲಿದ್ದ ದುಂಡುಮಲ್ಲಿಗೆ. ತೀರಿಕೊಂಡ ಹೆಂಡತಿ ಕೈಯಾರೆ ನೆಟ್ಟದ್ದು. ದಿನಾ ನಾಲ್ಕು ಹೂ ಕಿತ್ತು ಅವಳ ಪಟಕ್ಕೆ ಇಡುತ್ತಿದ್ದರು. ನನಗೆ ಇಂಥದ್ದೆಲ್ಲ ಅಷ್ಟಕ್ಕಷ್ಟೆ. ನನ್ನ ಗಂಡನ ಪಟಕ್ಕೆ ನಾನು ವರ್ಷಕ್ಕೊಮ್ಮೆ ಧೂಳು ಒರೆಸುತ್ತೇನೆ.

ಒಂದು ದಿನ ಅವರಿಗೆ ಹೃದಯದ ಆಪರೇಷನ್ ಎಂದು ಗೊತ್ತಾಯಿತು. ಆಮೇಲೆ ಕೆಲವು ತಿಂಗಳು ಇಪೋ ಎಂಬ ಊರಿನಲ್ಲಿ ಮಗನ ಮನೆಯಲ್ಲಿ ಇರಬೇಕು. ಹೊರಡುವ ಮೊದಲು ನನ್ನನ್ನು ಕರೆದು ಕುಂಡಗಳ ಮುಂದೆ ನಿಲ್ಲಿಸಿದರು.

‘ಅಕ್ಕಾ, ನೀರು ಹಾಕಿದರೆ ಸಾಕು. ಬೇರೆ ಏನೂ ಬೇಡ. ಊಟ ಒಳಗೇ ಇಟ್ಟಿದೀನಿ.’

‘ಎಲ್ಲಿ ಇಟ್ಟಿದ್ದೀರಿ? ಎಂತದೂ ಕಾಣೋದಿಲ್ಲ.’

‘ಇದೆ, ಇದೆ. ಅದೇ ನಿಧಾನ ಬಡಿಸ್ಕೊಳ್ಳುತ್ತೆ’ ಎಂದರು. ಅಷ್ಟರಲ್ಲಿ ಮಗನ ಕಾರು ಬಂತು.

ನಾಲ್ಕು ದಿನ ನೀರು ಹಾಕಿದೆ. ಐದನೆಯ ದಿನ ಮಲ್ಲಿಗೆಯ ಬುಡದಲ್ಲಿ ಮಣ್ಣು ಸರಿದು ಹಳದಿ ಕಾಳುಗಳು ಕಂಡವು. ಒಂದನ್ನು ಹಿಸುಕಿದರೆ ನೀರು. ಬಸವನಹುಳದ ಮೊಟ್ಟೆ! ಮಳೆ ಬಿದ್ದರೆ ಇಲ್ಲಿ ಅಂಗೈಯಷ್ಟು ದೊಡ್ಡ ಬಸವನಹುಳ ಬರುತ್ತದೆ, ಒಂದು ರಾತ್ರಿಗೆ ಒಂದು ಗಿಡ ತಿಂದು ಮುಗಿಸುತ್ತದೆ. ಊರಲ್ಲಿ ತುಳಸಿಕಟ್ಟೆಯ ಮಣ್ಣಿನಲ್ಲಿ ಅದರ ಮೊಟ್ಟೆ ನೋಡಿದವಳು ನಾನು, ನನಗೆ ಅನುಮಾನವೇ ಬರಲಿಲ್ಲ. ಬೇರೆ ಕುಂಡಗಳನ್ನು ಕೆದಕಿದೆ. ಎಲ್ಲದರಲ್ಲೂ ಇದ್ದವು. ಪಾಪ, ಈ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಅಂದುಕೊಂಡೆ.

ಮೂರು ಬೆಳಿಗ್ಗೆ ಕೂತು ತೆಂಗಿನ ಕಡ್ಡಿಯಿಂದ ಒಂದೊಂದೇ ಹೆಕ್ಕಿದೆ. ಸೊಂಟ ಹಿಡಿದುಕೊಂಡಿತು. ಹೆಕ್ಕಿದ್ದನ್ನೆಲ್ಲ ಚರಂಡಿಯ ಪಕ್ಕ ಸುರಿದು ಚಪ್ಪಲಿಯಲ್ಲಿ ಅರೆದೆ. ಒಂದನ್ನೂ ಬಿಡಲಿಲ್ಲ. ಆಮೇಲೆ ಅವರು ಬೇಡವೆಂದಿದ್ದರೂ ಅಕ್ಕಿ ತೊಳೆದ ನೀರು ಹಾಕಿದೆ, ಗಿಡಗಳು ಹಸಿದಿರಬಹುದು ಎಂದು.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಬೇರೆ ಗಿಡಗಳು ಬರೀ ಮಂಕಾದವು, ಮಲ್ಲಿಗೆ ಹೂ ಬಿಡುವುದನ್ನೇ ನಿಲ್ಲಿಸಿತು. ಎಲೆ ಹಳದಿಯಾಯಿತು, ಕೆಳಗಿನಿಂದ ಒಂದೊಂದೇ ಉದುರಿತು. ದಿನಾ ಮಳೆ. ಡಬ್ಬಿಯ ತೂತಿನಿಂದ ನೀರು ಹೋಗುತ್ತಲೇ ಇತ್ತು, ಅದರ ಜೊತೆ ಮಣ್ಣಿನ ಸತ್ವವೂ. ಆಗ ನನಗೆ ಅದು ತಿಳಿಯಲಿಲ್ಲ.

ಒಂದು ಭಾನುವಾರ ಮಗಳು ಗಿಡದ ಅಂಗಡಿಯಿಂದ ಒಂದು ಪ್ಯಾಕೆಟ್ ತಂದು ಟೇಬಲ್ ಮೇಲೆ ಸುರಿದಳು. ಅವೇ ಹಳದಿ ಕಾಳು.

‘ಎಂತದು ಮಾರಾಯ್ತಿ ಇದು?’

‘ಗೊಬ್ಬರ ಅಮ್ಮ. ಸ್ಲೋ ರಿಲೀಸ್. ಮೇಲೆ ಒಂದು ಕೋಟಿಂಗ್ ಇರುತ್ತೆ, ನೀರು ಒಳಗೆ ಹೋಗಿ ಗೊಬ್ಬರ ಕರಗಿಸಿ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತೆ. ಒಂದ್ಸಲ ಹಾಕಿದರೆ ತಿಂಗಳುಗಟ್ಟಲೆ ಸಾಕು. ಈಸಿ ಲಾ.’

ಇಪ್ಪತ್ತು ಕುಂಡದ ಊಟವನ್ನು ಮೂರು ದಿನ ಕೂತು ಚಪ್ಪಲಿಯಲ್ಲಿ ಅರೆದವಳು ನಾನು.

ಆಗಲೇ ಫೋನ್ ಮಾಡಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ಅವಳ ಪ್ಯಾಕೆಟ್‌ನಿಂದ ಮುಷ್ಟಿ ತುಂಬ ತೆಗೆದು ಮಲ್ಲಿಗೆಗೆ ಸುರಿದೆ. ಬೇಗ ಚೇತರಿಸಲಿ ಎಂದು ಇನ್ನೆರಡು ಮುಷ್ಟಿ. ನಿಧಾನದ ಗೊಬ್ಬರ ತಾನೆ, ಹೆಚ್ಚಾದರೆ ಏನು ಎಂದು ನನ್ನ ಬುದ್ಧಿ. ಬಿಸಿಲು ಏರಿದಷ್ಟೂ ಅದು ಹೆಚ್ಚು ಬಿಡುತ್ತದಂತೆ. ಎರಡು ವಾರದಲ್ಲಿ ಉಳಿದ ಎಲೆಗಳ ಅಂಚು ಬೆಂಕಿ ತಾಗಿಸಿದ ಹಾಗೆ ಕಂದಿತು. ಮೊದಲು ಉಪವಾಸ ಕೆಡವಿದೆ, ಆಮೇಲೆ ತುರುಕಿ ಸುಟ್ಟೆ.

ಅಷ್ಟರಲ್ಲಿ ಅಣ್ಣೆ ಬಂದರು. ಅರ್ಧ ಇಳಿದುಹೋಗಿದ್ದರು. ಬ್ಯಾಗು ಒಳಗಿಡುವ ಮೊದಲೇ ಮಲ್ಲಿಗೆಯ ಮುಂದೆ ನಿಂತರು.

‘ಏನಾಯ್ತು ಅಕ್ಕಾ?’

‘ಬಿಸಿಲು ಅಣ್ಣೆ. ಈ ಸಲ ವಿಪರೀತ.’

ಅವರು ಬ್ಯಾಗು ಎತ್ತಿಕೊಂಡು ಒಳಗೆ ಹೋದರು. ನಾನು ಮನೆಗೆ ಬಂದು ಅನ್ನಕ್ಕಿಟ್ಟೆ. ಬಚಾವಾದೆ ಅನ್ನಿಸಿತು. ಆದರೆ ಅನ್ನ ಅರ್ಧಕ್ಕೇ ಬಿಟ್ಟೆ.

ಆಮೇಲೆ ಆ ಮನುಷ್ಯ ಇಳಿಯುತ್ತಲೇ ಹೋದರು. ಡಾಕ್ಟರ್ ದಿನಾ ನಡೆಯಬೇಕೆಂದಿದ್ದರು. ಮೊದಲ ವಾರ ನಡೆದರು, ಎರಡನೆಯ ವಾರ ಕುರ್ಚಿ ಹಾಕಿಕೊಂಡು ಆ ಡಬ್ಬಿಯ ಮುಂದೆ ಕೂತರು. ಗಿಡಕ್ಕೆ ನೀರೂ ಹಾಕಲಿಲ್ಲ, ಕೈಯೂ ಹಾಕಲಿಲ್ಲ. ಗೊಬ್ಬರದಲ್ಲೇ ಬದುಕಿದವರು ಮಣ್ಣು ಕೆದಕಿ ನೋಡಲಿಲ್ಲ ಎಂದರೆ ಮನಸ್ಸು ಎಲ್ಲಿತ್ತೋ... ಹೀಗೇ ಒಂದು ತಿಂಗಳಾಯಿತು. ಒಂದು ಬೆಳಿಗ್ಗೆ ಚಹಾ ಕೊಡಲು ಹೋದರೆ ಕಿಟಕಿಯ ಮೇಲೆ ಮಾತ್ರೆಯ ಹಾಳೆ. ನಾಲ್ಕು ದಿನದ ಹಿಂದೆ ಎಷ್ಟಿತ್ತೋ ಅಷ್ಟೇ ಇತ್ತು.

‘ಮಾತ್ರೆ ಯಾಕೆ ತಗೊಂಡಿಲ್ಲ?’

‘ಅವಳು ನೆಟ್ಟದ್ದು ಹೊರಟಿದೆ ಅಕ್ಕಾ. ನಾನು ಆಸ್ಪತ್ರೆಯಲ್ಲಿ ಮಲಗಿದಾಗ್ಲೇ ಶುರುವಾಗಿದೆ ನೋಡಿ. ಬಾ ಅಂತ ಕರೀತಿದ್ದಾಳೆ. ಹೋಗೋವನಿಗೆ ಮಾತ್ರೆ ಯಾಕೆ?’

ಇದನ್ನು ಅಳುತ್ತಾ ಹೇಳಿದ್ದರೆ ನಾನು ಬೈದು ಬರುತ್ತಿದ್ದೆ. ಮಾರ್ಕೆಟ್‌ಗೆ ಹೋಗಿ ಬರುತ್ತೇನೆ ಎನ್ನುವ ಹಾಗೆ ಹೇಳಿದರು. ನಾನು ಚಹಾವನ್ನು ಕಿಟಕಿಯ ಮೇಲೆ, ಮಾತ್ರೆಯ ಪಕ್ಕ ಇಟ್ಟೆ. ಹೇಳಿದರೆ ಈ ಬಾಗಿಲು ನನಗೆ ಮುಚ್ಚುತ್ತದೆ. ಹೇಳದಿದ್ದರೆ ಈ ಮನುಷ್ಯ ಸಾಯುತ್ತಾರೆ. ಯೋಚಿಸಲು ಅದರಲ್ಲಿ ಏನೂ ಇರಲಿಲ್ಲ.

‘ಅಣ್ಣೆ, ಯಾರೂ ಕರೀತಾ ಇಲ್ಲ. ಗಿಡ ಹಾಳು ಮಾಡಿದ್ದು ನಾನು.’

ಎಲ್ಲ ಹೇಳಿದೆ. ಮೊಟ್ಟೆ, ಚಪ್ಪಲಿ, ಅಕ್ಕಿ ನೀರು, ಮೂರು ಮುಷ್ಟಿ. ಅವರು ಕುರ್ಚಿಯಿಂದ ಇಳಿದು ಬೆರಳಿನಿಂದ ಮಣ್ಣು ಸರಿಸಿದರು. ಕಾಳುಗಳು ರಾಶಿ ರಾಶಿ. ಆಮೇಲೆ ಬೈದರು. ಆ ಸೌಮ್ಯ ಮನುಷ್ಯನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮೇಲಿನ ಮನೆಯವರು ಇಣುಕಿ ನೋಡಿದರು.

‘ಮೊಟ್ಟೆ ಅಂದ್ಕೊಂಡ್ರಿ, ಸರಿ. ಯಾರಿಗಾದ್ರೂ ಹಾಗೆ ಅನ್ನಿಸ್ಬಹುದು. ಒಂದು ತಿಂಗಳು ನನ್ನ ಮುಖ ನೋಡ್ಕೊಂಡು ಬಿಸಿಲು ಬಿಸಿಲು ಅಂದ್ರಲ್ಲ, ನೀವೇನು ಮನುಷ್ಯರಾ? ಎದ್ದು ಹೋಗಿ.’

ಹೋದೆ. ಬಾಗಿಲು ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಹೊರಗೆ ಬಕೆಟ್ಟಿನ ಸದ್ದು. ಕಿಟಕಿಯಿಂದ ನೋಡಿದೆ. ಚಮಚದಲ್ಲಿ ಕಾಳುಗಳನ್ನು ಗೋರಿ ತೆಗೆದು, ಡಬ್ಬಿಯ ತೂತಿನಿಂದ ತಿಳಿನೀರು ಬರುವ ತನಕ ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದರು. ನಡುನಡುವೆ ಎದೆ ಹಿಡಿದು ನಿಲ್ಲುತ್ತಿದ್ದರು. ಡಬ್ಬಿಯನ್ನು ನೆರಳಿಗೆ ಎಳೆದರು, ಸತ್ತ ಕಡ್ಡಿಗಳನ್ನು ಕತ್ತರಿಸಿದರು. ಆಮೇಲೆ ಒಳಗೆ ಹೋಗಿ ಮಾತ್ರೆ ನುಂಗಿ ಬಂದರು. ಅದನ್ನು ನಾನು ನನ್ನ ಕಣ್ಣಿಂದ ನೋಡಿದೆ. ಆ ದಿನ ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ನನಗೆ ಸರಿಯಾಗಿ ಊಟ ಸೇರಿತು.

ಒಂಬತ್ತು ದಿನ ಮಾತಿಲ್ಲ. ಹತ್ತನೆಯ ದಿನ ನಾನು ಬಟ್ಟೆ ಒಣಗಿಸುತ್ತಿದ್ದೆ. ಹಿಂದಿನಿಂದ ದನಿ ಬಂತು.

‘ಒಟ್ಟು ಎಷ್ಟು ಬಸವನಹುಳ ಕೊಂದಿರಿ ಅಕ್ಕಾ?’

‘ಎಣಿಸಲಿಲ್ಲ. ನಿಮ್ಮ ಎಸ್ಟೇಟಿನ ಮೀನಿನಷ್ಟು.’

ಅವರು ನಕ್ಕರು. ನಗುವಾಗ ಎದೆಯ ಹೊಲಿಗೆ ನೋಯುತ್ತದೆಂದು ಅಂಗೈಯಿಂದ ಒತ್ತಿ ಹಿಡಿದು ನಕ್ಕರು. ಬೋಳು ಕಡ್ಡಿಯಲ್ಲಿ ಎರಡು ಚಿಗುರು ಬಂದಿದ್ದವು, ಅದನ್ನು ತೋರಿಸಲು ಕರೆದದ್ದು.

ಚಿಗುರು ಎಲೆಯಾದ ಮೇಲೆ ಗೊಬ್ಬರ ಹಾಕುವುದನ್ನು ನನಗೂ ಕಲಿಸಿದರು. ಬುಡಕ್ಕೆ ತಾಗಬಾರದು, ಕುಂಡದ ಅಂಚಿನುದ್ದಕ್ಕೂ ಒಂದು ಚಮಚ, ಮೇಲೆ ತೆಳ್ಳಗೆ ಮಣ್ಣು. ‘ಪ್ಯಾಕೆಟ್ ಮೇಲೆ ಆರು ತಿಂಗಳು ಅಂತ ಇರುತ್ತೆ. ಅದು ಚಳಿ ದೇಶದ ಮಾತು. ನಮ್ಮ ಬಿಸಿಲಿಗೆ ಮೂರು, ಹೆಚ್ಚಂದ್ರೆ ನಾಲ್ಕು’ ಎನ್ನುತ್ತಿದ್ದರು. ನನಗೆ ಪ್ಯಾಕೆಟ್ ಮೇಲಿನ ಇಂಗ್ಲಿಷ್ ಓದಲು ಬಾರದು. ಅವರು ಹೇಳಿದ್ದು ನೆನಪಿದೆ, ಸಾಕು.

ಮತ್ತೆ ಮೂರು ವರ್ಷ ಇದ್ದರು. ಕಳೆದ ವರ್ಷ ಒಂದು ಬೆಳಿಗ್ಗೆ, ನಡೆದು ಬಂದು ಕೂತವರು ಮೇಲೆ ಏಳಲಿಲ್ಲ. ನಾನು ಅಳಲಿಲ್ಲ, ನನಗೆ ಅದು ಬರುವುದಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಮಗ ಕುಂಡಗಳನ್ನು ಲಾರಿಗೆ ಏರಿಸಿ, ನನ್ನ ಮುಂದೆ ಕೈ ಮುಗಿದ.

‘ಆಂಟಿ, ಅಮ್ಮನ ಮಲ್ಲಿಗೆ ಸಾಯ್ತಿತ್ತಂತೆ, ನೀವೇ ಉಳಿಸಿದ್ರಿ ಅಂತ ಅಪ್ಪ ಯಾವಾಗಲೂ ಹೇಳೋರು.’

ಹಾಗಾದರೆ ಮಗನಿಗೂ ಹೇಳಿರಲಿಲ್ಲ. ಮೂರು ವರ್ಷ ಒಬ್ಬರಿಗೂ ಹೇಳಿರಲಿಲ್ಲ.

‘ಉಳಿಸಿದ್ದು ನಿಮ್ಮಪ್ಪ. ಕೊಲ್ಲಲು ಹೊರಟವಳು ನಾನು’ ಎಂದೆ. ಅವನು ತಮಾಷೆ ಅಂದುಕೊಂಡು ನಕ್ಕು ಲಾರಿ ಹತ್ತಿದ.

ಈಗ ಆ ಮನೆಯಲ್ಲಿ ಬೆಂಗಳೂರಿನ ಗಂಡ ಹೆಂಡತಿ ಇದ್ದಾರೆ. ಕುಂಡಗಳಿದ್ದ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದಾರೆ. ಒಳ್ಳೆಯವರೇ, ನಮಸ್ಕಾರ ಹೇಳುತ್ತಾರೆ. ಆದರೆ ಚಹಾ ಹಿಡಿದುಕೊಂಡು ಹೋಗಲು ನನಗೆ ಈಗ ಬಾಗಿಲಿಲ್ಲ. ಅದು ಬೇಸರವೇ, ಇಲ್ಲವೆನ್ನುವುದಿಲ್ಲ...

ಆದರೂ ಒಂದು ಸಮಾಧಾನ ಇದೆ. ಸತ್ತವರ ಮುಂದೆ ತಪ್ಪೊಪ್ಪಿಕೊಂಡರೆ ಯಾರು ಬೈಯುತ್ತಾರೆ? ನನಗೆ ಸಲ್ಲಬೇಕಾದ ಬೈಗುಳವನ್ನು ಅವರು ಬದುಕಿದ್ದಾಗಲೇ, ಎದುರಿಗೆ ನಿಂತು, ಪೂರ್ತಿ ತಿಂದೆ.